ಬೇಸಾಯದ ಮನೆಯಲ್ಲಿ ಮಕ್ಕಳ ವಿದ್ಯಾಭ್ಯಾಸ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳಲ್ಲಿ ಎರಡು ಮೂರು ಎಕರೆಯ ಹಿಡುವಳಿಯಿಂದ ಜೀವನ ಸಾಗಿಸತಕ್ಕ ಸಂಸಾರಗಳು ಬಹಳ. ಇಂಥ ಮನೆಯ ಮಗುವು ಅಕ್ಷರಾಭ್ಯಾಸಕ್ಕೆ ಮುಂಚೆಯೇ ಹಿಪ್ಪುನೇರಳೆ ಸೊಪ್ಪಿನ ಎಳಸು ಬಲಿತುಗಳನ್ನೂ ಮಳೆಯ ನಕ್ಷತ್ರಗಳ ಹೆಸರುಗಳನ್ನೂ ಅರಿತಿರುತ್ತದೆ. ಇದನ್ನು ವಿದ್ಯೆಯೆಂದು ಎಣಿಸುವವರು ಕಡಮೆ. ಮಕ್ಕಳನ್ನು ಗೈಮೆಗೆ ಹಚ್ಚಿದುದೆಲ್ಲವೂ ವಿದ್ಯೆಯೇ ಎಂದು ಸಮಾಧಾನಪಡುವವರೂ ಉಂಟು. ಈ ಎರಡು ಅಭಿಪ್ರಾಯಗಳೂ ಸರಿಯಲ್ಲ.

ಕೈಕಸಬಿನ ಮೂಲಕವೇ ಪಾಠ ಹೇಳಬೇಕೆಂದು ಗಾಂಧೀಜಿಯವರು 1937ರಲ್ಲಿ ವಾರ್ಧಾ ಸಮ್ಮೇಳನದ ಮುಂದೆ ಇಟ್ಟ ವಿಚಾರವು ಪ್ರಸಿದ್ಧವಾದುದು. ಈ ಸೀಮೆಯಲ್ಲಿ ಅದಕ್ಕೆ ತಕ್ಕ ಕಸಬನ್ನು ಹುಡುಕಿಕೊಂಡು ಹೋಗಬೇಕಾದುದಿಲ್ಲ, ಹುಳುಮನೆಯೇ ಇದೆ. ರೈತರು ನೂರು ಮೊಟ್ಟೆಯೆಂದು ಹೇಳುವುದು ನೂರು ಚಿಟ್ಟೆಗಳು ಇಟ್ಟ ಮೊಟ್ಟೆಗಳ ಗುಂಪುಗಳನ್ನು. ಒಂದೊಂದು ಗುಂಪಿನಲ್ಲಿ 400 ರಿಂದ 500 ಮೊಟ್ಟೆಗಳಿರುವುದರಿಂದ, ಮನೆಗೆ ಬರತಕ್ಕ ಹುಳುಗಳೆಷ್ಟೆಂಬುದನ್ನು ನಾಲ್ಕನೆಯ ತರಗತಿಯ ಹುಡುಗಿಯು ತಾನೇ ಗುಣಿಸಿ ಹೇಳಬಲ್ಲಳು. ಜ್ವರವೆಂಬ ಮಾತನ್ನು ಕೇಳಿ ಹುಳುವಿಗೆ ಕಾಯಿಲೆ ಬಂದಿತೆಂದು ಪಟ್ಟಣದವರು ಭಾವಿಸುವರು. ಅದು ಪೊರೆ ಬಿಡುವ ಕಾಲವೆಂದೂ, ಆಗ ಹುಳುವು ತಲೆಯೆತ್ತಿ ನಿಶ್ಚಲವಾಗಿರುವುದೆಂದೂ, ಸೊಪ್ಪು ಹಾಕಕೂಡದೆಂದೂ ರೈತನ ಮಗುವಿಗೆ ಕಣ್ಣಾರೆ ಗೊತ್ತು. ಕಿಟಕಿಗೆ ಬಲೆ ಏಕೆಂದು ಅದು ಕೇಳಿದರೆ, 1980ರಲ್ಲಿ ಬಂಗಾಳದ ಕಡೆಯ ಗೂಡಿನೊಂದಿಗೆ ಕರ್ಣಾಟಕಕ್ಕೆ ಬಂದ ಊಜಿ ನೊಣದ ಸಂಗತಿಯನ್ನು ಹೇಳಬಹುದು.

ಹುಳುಮನೆಯಲ್ಲಿ ಒಂದು ಉಷ್ಣಮಾಪಕವನ್ನು ತೂಗುಹಾಕಿ, ದಿನಕ್ಕೆ ಮೂರಾವರ್ತಿ ಅದನ್ನು ನೋಡಿ ಬರೆದಿಡುವ ಕೆಲಸವನ್ನು ಮಗುವಿಗೆ ಒಪ್ಪಿಸತಕ್ಕದ್ದು. ಚಾಕಿ ಹುಳುವಿಗೆ 26 ರಿಂದ 28 ಡಿಗ್ರಿ, ದೊಡ್ಡ ಹುಳುವಿಗೆ 24 ರಿಂದ 25 ಡಿಗ್ರಿ ಸೆಂಟಿಗ್ರೇಡ್ ಶಾಖವು ಹಿತವಾದುದು. ಸಪ್ಪೆರೋಗದಿಂದ ಬೆಳೆ ಕೆಟ್ಟಾಗ, ಯಾವ ದಿವಸ ಶಾಖವೇರಿತೆಂಬುದನ್ನು ಆ ಪುಸ್ತಕವು ತೋರಿಸುವುದು. ತಂದೆಯ ಜ್ಞಾಪಕಕ್ಕಿಂತ ಅದನ್ನು ನಂಬುವುದು ಮೇಲು.

ಮಾಗಡಿಯ ಕಡೆಯ ಖುಷ್ಕಿ ಹೊಲಗಳಲ್ಲಿ ಲೆಕ್ಕದ ಪಾಠವು ಬೇರೆ. 33 ಅಡಿಯ ಹಗ್ಗದಿಂದ ಚೌಕ ಹಾಕಿದರೆ ಒಂದು ಗುಂಟೆ, ಅಂಥವು 40 ಸೇರಿದರೆ ಒಂದು ಎಕರೆ. ರಾಗಿಯ ನಡುವೆ ಅವರೆ, ಜೋಳ, ಹುಚ್ಚೆಳ್ಳುಗಳ ಅಕ್ಕಡಿ ಸಾಲು ಎಷ್ಟಕ್ಕೊಂದು ಬಂದಿದೆಯೆಂದು ಎಣಿಸುವುದೂ, ವರ್ಷದ ದಿನಗಳನ್ನು 27 ನಕ್ಷತ್ರಗಳಿಗೆ ಹಂಚಿದರೆ ಒಂದೊಂದು ಮಳೆಗೆ 13 ಅಥವಾ 14 ದಿನ ಬರುವುದೂ ಭಾಗಾಕಾರವೇ.

ಇನ್ನು ಕಷ್ಟದ ಮಾತು. ಹುಳುವು ತನ್ನ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನಲ್ಲಿ 100ಕ್ಕೆ 80 ಭಾಗಕ್ಕೂ ಮೇಲ್ಪಟ್ಟು ನಾಲ್ಕನೆಯ ಜ್ವರವೆದ್ದ ಮೇಲಿನ ಏಳೆಂಟು ದಿವಸಗಳಲ್ಲಿಯೇ ತಿನ್ನುವುದು. ಆ ವಾರ ಮನೆಯಲ್ಲಿ ಯಾರಿಗೂ ನಿದ್ರೆಯಿಲ್ಲ. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವ ದಿವಸವಂತೂ ಕೈ ಸಾಲದೆ ಮಕ್ಕಳನ್ನು ಶಾಲೆ ಬಿಡಿಸುವರು. ಒಂದು ದಿವಸವು ನಾಲ್ಕಾಗಿ, ವರ್ಷಕ್ಕೆ ನಾಲ್ಕೈದು ಬೆಳೆಯೆಂದರೆ ಮಗುವು ಎಷ್ಟು ಹಿಂದೆ ಬೀಳುವುದೆಂದು ಯಾರಾದರೂ ಲೆಕ್ಕಹಾಕಬಹುದು. ಈ ಸೀಮೆಯಲ್ಲಿ ಇದಕ್ಕಿಂತ ಕೆಟ್ಟದೂ ನಡೆದಿದೆ: ರಾಮನಗರ, ಮಾಗಡಿಗಳ ಕಡೆ ರೇಷ್ಮೆ ಹುರಿ ಮಾಡುವ ಸ್ಥಳಗಳಲ್ಲಿ ತಂದೆತಾಯಿಯರ ಸಾಲಕ್ಕೆ ಒತ್ತೆಯಾಗಿ ಮಕ್ಕಳು ದುಡಿದ ಸಂಗತಿಯು 2003ರಲ್ಲಿ ಅಚ್ಚಾದ ವರದಿಯಿಂದ ಹೊರದೇಶಗಳಿಗೂ ತಿಳಿಯಿತು.

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕಾಯಿದೆಯಂತೆ 6 ರಿಂದ 14 ವರ್ಷದ ಮಕ್ಕಳಿಗೆ ವಿದ್ಯಾಭ್ಯಾಸವು ಉಚಿತ ಹಾಗೂ ಹಕ್ಕಿನದು. 2016ರ ತಿದ್ದುಪಡಿಯಂತೆ 14 ವರ್ಷದೊಳಗಿನವರು ಸ್ವಂತ ಮನೆಯ ಅಪಾಯವಿಲ್ಲದ ಕೆಲಸಕ್ಕೆ ಮಾತ್ರ, ಅದೂ ಶಾಲೆಯ ಹೊತ್ತು ಕಳೆದ ಮೇಲೆ ಅಥವಾ ರಜಾ ಕಾಲದಲ್ಲಿ, ನೆರವಾಗಬಹುದು. ಹುಳುಮನೆಯ ಶುದ್ಧಿಗೆ ಹೊಡೆಯತಕ್ಕ ಫಾರ್ಮಲಿನ್, ಬ್ಲೀಚಿಂಗ್ ಪುಡಿ ಮೊದಲಾದುವುಗಳ ಹತ್ತಿರಕ್ಕೆ ಅವರನ್ನು ಬಿಡಕೂಡದು. ಕನಕಪುರದ ಕಾಡಂಚಿನ ಹೊಲಗಳಲ್ಲಿ ಆನೆಯ ಕಾವಲಿಗೆ ಮಗುವನ್ನು ಅಟ್ಟಣೆಗೆ ಹತ್ತಿಸುವುದಂತೂ ಯಾವ ಕಾರಣಕ್ಕೂ ಸಲ್ಲದು.

ಹಾಗಾದರೆ ಆ ಏಳೆಂಟು ದಿವಸಗಳ ಗತಿಯೇನು? ಎರಡನೆಯ ಜ್ವರ ಕಳೆದ ಹುಳುವನ್ನು ಚಾಕಿ ಸಾಕಣೆ ಕೇಂದ್ರದಿಂದ ತಂದವರಿಗೆ ಮನೆಯಲ್ಲಿ ಉಳಿಯುವ ಸಾಕಣೆ ಸುಮಾರು 17, 18 ದಿವಸ. ಭಾರದ ವಾರವು ತಂದ ಒಂಬತ್ತು ಹತ್ತನೆಯ ದಿವಸಕ್ಕೆ ಮೊದಲಾಗುವುದು. ಆದುದರಿಂದ ಹುಳು ತರುವ ತಾರೀಖನ್ನು ಗೊತ್ತುಮಾಡುವಾಗ ಶಾಲೆಯ ಪರೀಕ್ಷೆಯ ಪಟ್ಟಿಯನ್ನು ಎದುರಿಗಿಟ್ಟುಕೊಂಡು, ಈ ವಾರವು ರಜಾ ದಿನಗಳಲ್ಲಿ ಬೀಳುವಂತೆ ಎಣಿಸಬಹುದು. ಎಣಿಸುವ ಕೆಲಸವನ್ನು ಮಗುವಿಗೇ ಬಿಡುವುದು ಲೇಸು. ಎಲೆ ಬಿಡಿಸದೆ ಕೊಂಬೆಯನ್ನೇ ಕೊಯ್ದು ಹಾಕುವ ಪದ್ಧತಿಯಿಂದ ಆಳಿನ ಖರ್ಚೂ ಇಳಿಯುವುದು. ಜಮೀನ್ದಾರರು ಅಕ್ಕಪಕ್ಕದ ನಾಲ್ಕಾರು ಮನೆಗಳವರನ್ನು ಕೂಡಿಸಿ, ಒಬ್ಬರ ಹುಳು ಹಣ್ಣಾದ ದಿವಸ ಮತ್ತೊಬ್ಬರ ಮನೆಯ ದೊಡ್ಡವರು ಮುಯ್ಯಾಳಾಗಿ ಬರುವಂತೆ ತಾರೀಖುಗಳನ್ನು ಬೇರೆಬೇರೆಯಾಗಿಸಿದರೆ, ಮಕ್ಕಳ ಕೈ ಬೇಕಾಗುವುದಿಲ್ಲ. ಈಗಾಗಲೇ ಶಾಲೆ ಬಿಟ್ಟು ಹೊಲದಲ್ಲಿಯೇ ಉಳಿದ ಹುಡುಗ ಹುಡುಗಿಯರು 14 ವರ್ಷ ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಹೆಸರು ಬರೆಸಿ ಹತ್ತನೆಯ ತರಗತಿಯ ಪರೀಕ್ಷೆಗೆ ಕೂಡಬಹುದು. ಅಂಥವರ ಹೆಸರುಗಳು ಗ್ರಾಮದ ಮುಖಂಡರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.