ಒಂಬತ್ತು ಡಿಗ್ರಿ ಐವತ್ತು ನಿಮಿಷ ಉತ್ತರ

ಮೆಕ್ಸಿಕೋ ಕರಾವಳಿಯಿಂದ ನೂರಾರು ಕಿಲೋಮೀಟರ್ ದಕ್ಷಿಣಕ್ಕೆ, ಪೆಸಿಫಿಕ್ ಸಾಗರದ ಅಡಿಯಲ್ಲಿ ಈಸ್ಟ್ ಪೆಸಿಫಿಕ್ ರೈಸ್ ಎಂಬ ಬೆಟ್ಟಸಾಲಿದೆ. ಅದರ ನೆತ್ತಿಯ ಮೇಲೆ, 2,500 ಮೀಟರ್ ಆಳದಲ್ಲಿರುವ ಒಂದು ತಾಣಕ್ಕೆ ಅಕ್ಷಾಂಶವೇ ಹೆಸರು: 9 ಡಿಗ್ರಿ 50 ನಿಮಿಷ ಉತ್ತರ. ಕಡಲತಳದ ಬಿಸಿನೀರ ಬುಗ್ಗೆಗಳ ಮಾತು ಬಂದಾಗ ಎಲ್ಲರೂ 1977ರ ಗಲಾಪಗೋಸ್ ಶೋಧವನ್ನೇ ನೆನೆಯುತ್ತಾರೆ. ನನ್ನನ್ನು ವರ್ಷಗಟ್ಟಲೆ ಹಿಡಿದಿಟ್ಟಿರುವುದು ಮಾತ್ರ ಈ ತಾಣ. ಮೊದಲು ಕಂಡವರು ನೋಡಿ ಸುಮ್ಮನಾಗಲಿಲ್ಲ. ಅದೇ ಬಂಡೆ, ಅದೇ ಬಿರುಕಿಗೆ ಮತ್ತೆ ಮತ್ತೆ ಇಳಿದರು. ಅವರ ದಾಖಲೆ, ಚಿತ್ರಗಳನ್ನು ಸಾಲಾಗಿ ಇಟ್ಟುಕೊಂಡು ನೋಡುವುದು ನನ್ನ ಅಭ್ಯಾಸ.

1991ರ ಏಪ್ರಿಲ್‌ನಲ್ಲಿ ಆಲ್ವಿನ್ ಎಂಬ ಪುಟ್ಟ ಜಲಾಂತರ್ಗಾಮಿಯಲ್ಲಿ ಇಳಿದವರ ಕಣ್ಣಿಗೆ ಬಿದ್ದದ್ದು ಆಗಷ್ಟೇ ಹರಿದು ಹೆಪ್ಪುಗಟ್ಟಿದ ಲಾವಾ. ಹೊರಮೈ ಗಾಜುಗಟ್ಟಿತ್ತು. ಅಂಚಿನಲ್ಲಿ ಬೆಂದ ಕೊಳವೆಹುಳುಗಳ ಚೂರುಗಳಿದ್ದವು. ಆ ಜಾಗವನ್ನು ಅವರು ‘ಟ್ಯೂಬ್‌ವರ್ಮ್ ಬಾರ್ಬೆಕ್ಯೂ’ ಎಂದು ಕರೆದರು. ಹೆಸರು ನನಗೆ ಹಿಡಿಸದು, ಆದರೆ ಸಾವು ಎಷ್ಟು ಹಸಿಯಾಗಿತ್ತೆಂಬುದು ಅದರಿಂದ ತಿಳಿಯುತ್ತದೆ. ಬಿರುಕುಗಳಿಂದ ಬಿಳಿಯ ಚಕ್ಕೆಗಳು ಹತ್ತಾರು ಮೀಟರ್ ಎತ್ತರಕ್ಕೆ ಚಿಮ್ಮುತ್ತಿದ್ದವು. ಬ್ಯಾಕ್ಟೀರಿಯಾ ಮತ್ತು ಅವು ಉಗುಳಿದ ಗಂಧಕದ ಎಳೆಗಳು ಅವು. ಕರಿಯ ಲಾವಾದ ಮೇಲೂ ಬಿಳಿ ಪದರ ದಪ್ಪಗೆ ಕೂತಿತ್ತು.

ಈ ಬ್ಯಾಕ್ಟೀರಿಯಾಗಳಿಗೆ ಊಟ ಬರುವುದು ನೆಲದೊಳಗಿಂದ. ಬಿರುಕುಗಳಲ್ಲಿ ಇಂಗಿದ ಕಡಲ ನೀರು ಶಿಲಾಪಾಕದ ಬಳಿಗೆ ಹೋಗಿ ಕಾಯುತ್ತದೆ, ಬಂಡೆಯಿಂದ ಕಬ್ಬಿಣ, ತಾಮ್ರ, ಸತುವನ್ನು ಕರಗಿಸಿಕೊಳ್ಳುತ್ತದೆ, ಹೈಡ್ರೋಜನ್ ಸಲ್ಫೈಡ್ ತುಂಬಿಕೊಂಡು ಮೇಲೇಳುತ್ತದೆ. 350 ಡಿಗ್ರಿ ಸೆಲ್ಸಿಯಸ್ ದಾಟಿದರೂ ಕುದಿಯುವುದಿಲ್ಲ. ಮೇಲಿರುವ ನೀರಿನ ಭಾರ ಸುಮಾರು 250 ವಾಯುಭಾರದಷ್ಟು. ಹೊರಗಿನ 2 ಡಿಗ್ರಿ ನೀರು ತಾಕಿದ ಕೂಡಲೇ ಲೋಹದ ಸಲ್ಫೈಡ್‌ಗಳು ಕರಿಯ ಹೊಗೆಯ ರೂಪದಲ್ಲಿ ಹೊರಬೀಳುತ್ತವೆ. ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡನ್ನು ಆಮ್ಲಜನಕದೊಂದಿಗೆ ಬೆರೆಸಿ ಸಿಗುವ ಶಕ್ತಿಯಲ್ಲಿ ಇಂಗಾಲವನ್ನು ಆಹಾರವಾಗಿ ಕಟ್ಟುತ್ತವೆ. ಇಲ್ಲಿನ ಬದುಕಿಗೆ ಸೂರ್ಯನ ಹಂಗೇ ಇಲ್ಲ ಎಂದು ಎಷ್ಟೋ ಕಡೆ ಬರೆದಿರುತ್ತಾರೆ. ಹಾಗೆನ್ನುವಂತಿಲ್ಲ. ಈ ಬ್ಯಾಕ್ಟೀರಿಯಾ, ಈ ಹುಳುಗಳು ಬಳಸುವ ಆಮ್ಲಜನಕ ಮೇಲಿನ ಬಿಸಿಲಲ್ಲಿ ಹಸಿರು ಜೀವಗಳು ಮಾಡಿದ್ದು, ತಣ್ಣೀರಿನ ಜೊತೆ ಕೆಳಗಿಳಿದು ಬಂದದ್ದು.

1992ರಲ್ಲಿ ಸುಮಾರು 1.4 ಕಿಲೋಮೀಟರ್ ಉದ್ದಕ್ಕೆ ಇನ್ನೂರಕ್ಕೂ ಹೆಚ್ಚು ಗುರುತುಗಳನ್ನು ಸಂಖ್ಯೆ ಹಾಕಿ ಕಡಲತಳದಲ್ಲಿ ನೆಟ್ಟರು. ಈ ಇಡೀ ಕಥೆಯಲ್ಲಿ ನಾನು ಅತಿ ಹೆಚ್ಚು ಗೌರವಿಸುವ ಕೆಲಸ ಇದು. ಗುರುತು ನೆಟ್ಟದ್ದರಿಂದಲೇ ಮುಂದಿನ ಸಲ ಬಂದವರಿಗೆ ಏನು ಹೋಯಿತು, ಏನು ಬಂತು ಎಂದು ಹೇಳಲು ಸಾಧ್ಯವಾಯಿತು. ಸ್ಫೋಟವಾಗಿ ವರ್ಷ ತುಂಬುವಷ್ಟರಲ್ಲಿ ಬಿಳಿ ಪದರ ಅರ್ಧಕ್ಕಿಂತ ಹೆಚ್ಚು ಕರಗಿತ್ತು, ಆ ಜಾಗದಲ್ಲಿ ಟೆವ್ನಿಯಾ ಎಂಬ ಸಣ್ಣ ಕೊಳವೆಹುಳು ಬೇರೂರಿತ್ತು. 1993ರ ಡಿಸೆಂಬರ್‌ನಲ್ಲಿ ನೋಡಿದರೆ ಟೆವ್ನಿಯಾವನ್ನು ಮುಚ್ಚಿಹಾಕಿ ರಿಫ್ಟಿಯಾ ಎಂಬ ದೈತ್ಯ ಕೊಳವೆಹುಳುಗಳು ಎದ್ದು ನಿಂತಿದ್ದವು, ಕೆಂಪು ಗರಿ ಬಿಚ್ಚಿಕೊಂಡು, ಒಂದೂವರೆ ಮೀಟರ್ ಎತ್ತರಕ್ಕೆ. ವರ್ಷಕ್ಕೆ 85 ಸೆಂಟಿಮೀಟರ್‌ಗೂ ಮೀರಿದ ಬೆಳವಣಿಗೆ! ಆಮೇಲೆ ಬಂದವು ಚಿಪ್ಪುಜೀವಿಗಳು, ನಮ್ಮ ಕರಾವಳಿಯ ಬಂಡೆಗಳಿಂದ ಕೀಳುವ ನೀಲಿಕಲ್ಲಿನ ದೂರದ ನೆಂಟರು. ಕಾಳ್ಗಿಚ್ಚು ಹಾಯ್ದ ಗುಡ್ಡದಲ್ಲಿ ಹುಲ್ಲು, ಪೊದೆ, ಮರ ಒಂದರ ಹಿಂದೊಂದು ಬರುವುದನ್ನು ನೋಡಿದವರಿಗೆ ಈ ಸರದಿ ಗುರುತು ಸಿಗುತ್ತದೆ.

ರಿಫ್ಟಿಯಾ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಬೆಳೆದ ಹುಳುವಿಗೆ ಬಾಯಿಲ್ಲ, ಕರುಳಿಲ್ಲ. ಒಡಲ ತುಂಬ ಇರುವುದು ಬ್ಯಾಕ್ಟೀರಿಯಾಗಳನ್ನು ಸಾಕಿಕೊಂಡಿರುವ ಮೆತ್ತನೆಯ ಅಂಗಾಂಶ. ಅವು ಬ್ಯಾಕ್ಟೀರಿಯಾಗಳೆಂದು 1981ರಲ್ಲಿ ತೋರಿಸಿಕೊಟ್ಟವರು ಆಗಿನ್ನೂ ವಿದ್ಯಾರ್ಥಿನಿಯಾಗಿದ್ದ ಕಾಲೀನ್ ಕ್ಯಾವನಾ. ಸಲ್ಫೈಡ್ ನಮಗೆ ವಿಷ. ಈ ಹುಳುವಿನ ಹಿಮೋಗ್ಲೋಬಿನ್ ಮಾತ್ರ ಆಮ್ಲಜನಕವನ್ನೂ ಸಲ್ಫೈಡನ್ನೂ ಬೇರೆ ಬೇರೆ ಜಾಗದಲ್ಲಿ ಹಿಡಿದು ಒಟ್ಟಿಗೇ ಹೊತ್ತೊಯ್ಯುತ್ತದೆ. ಮರಿಗಳು ಹುಟ್ಟುವಾಗ ಬ್ಯಾಕ್ಟೀರಿಯಾ ಜೊತೆಗಿರುವುದಿಲ್ಲ. ಮರಿ ನೆಲೆ ಕಂಡ ಮೇಲೆ ಬ್ಯಾಕ್ಟೀರಿಯಾಗಳು ಚರ್ಮದ ಮೂಲಕ ಒಳಸೇರುತ್ತವೆ. ಅಲ್ಲಿಯವರೆಗೆ ಮರಿಗೆ ಊಟವಿಲ್ಲ. ತತ್ತಿಯಲ್ಲಿ ತಂದ ಬುತ್ತಿಯಲ್ಲೇ ಸರಾಸರಿ 38 ದಿನ ತಣ್ಣೀರಲ್ಲಿ ತೇಲುತ್ತಾ ನೂರು ಕಿಲೋಮೀಟರ್‌ವರೆಗೆ ಹೋಗಬಲ್ಲದು. ಅಷ್ಟರಲ್ಲಿ ಇನ್ನೊಂದು ಬುಗ್ಗೆ ಸಿಗಬೇಕು.

2005–06ರಲ್ಲಿ ತಾಣ ಮತ್ತೆ ಸ್ಫೋಟಿಸಿತು. ಕಂಪನ ಅಳೆಯಲು ತಳದಲ್ಲಿಟ್ಟಿದ್ದ ಉಪಕರಣಗಳಲ್ಲಿ ಕೆಲವು ಲಾವಾದಲ್ಲಿ ಹೂತವು. ಹಳೆಯ ಸರದಿಯೇ ಮರುಕಳಿಸೀತು ಎಂದು ಕಾದವರಿಗೆ ಬೇರೆಯೇ ಕಂಡಿತು. ಲಾರೆನ್ ಮಲಿನೋ ಮತ್ತು ಸಂಗಡಿಗರ ಕಣ್ಣಿಗೆ ಬಿದ್ದದ್ದು ಅಲ್ಲಿ ಹಿಂದೆ ಕಾಣದಿದ್ದ ಕ್ಟೆನೊಪೆಲ್ಟಾ ಎಂಬ ಪುಟ್ಟ ಬಸವನಹುಳು. ಅದರ ಗೊತ್ತಿದ್ದ ನೆಲೆ 300 ಕಿಲೋಮೀಟರ್ ಉತ್ತರದಲ್ಲಿತ್ತು. ಒಂದೇ ಬಗೆಯ ಬೆಂಕಿ, ಒಂದೇ ಬಂಡೆ. ಆದರೂ ಮರಳಿ ಬಂದ ಬದುಕು ಬೇರೆ. 2023ರಲ್ಲಿ ಯಂತ್ರದ ಕೈಯಿಂದ ಲಾವಾದ ಹಲಗೆಗಳನ್ನೆತ್ತಿದಾಗ ಅಡಿಯ ಪೊಳ್ಳುಗಳಲ್ಲೂ ಕೊಳವೆಹುಳುಗಳು ಬದುಕಿದ್ದವು. 2025ರ ಏಪ್ರಿಲ್ ಕೊನೆಗೆ ಅಲ್ಲಿನ ಟಿಕಾ ಬುಗ್ಗೆಗೆ ಇಳಿದವರು ಮತ್ತೊಂದು ಸ್ಫೋಟದ ನಡುವೆಯೇ ನಿಂತಿದ್ದರು. ಹುಳುಗಳ ಹಿಂಡು ಸುಟ್ಟುಹೋಗಿತ್ತು.

ಎಲ್ಲ ಕಳೆದುಕೊಂಡೂ ಎರಡು ಮೂರು ವರ್ಷದಲ್ಲಿ ತುಂಬಿಕೊಳ್ಳುವ ಈ ತಾಣವನ್ನು ತೋರಿಸಿ, ಬುಗ್ಗೆಗಳ ಬಳಿ ಗಣಿ ತೋಡಿದರೂ ಬದುಕು ಮರಳುತ್ತದೆ ಎಂದು ವಾದಿಸುವವರಿದ್ದಾರೆ. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಇಲ್ಲಿ ಕಡಲತಳ ವರ್ಷಕ್ಕೆ ಸುಮಾರು 11 ಸೆಂಟಿಮೀಟರ್ ಬಿರಿಯುತ್ತದೆ, ಸ್ಫೋಟ ಹದಿನೈದಿಪ್ಪತ್ತು ವರ್ಷಕ್ಕೊಮ್ಮೆ ಬರುತ್ತದೆ. ಇಲ್ಲಿನ ಜೀವಿಗಳು ಅದಕ್ಕೇ ಹೊಂದಿಕೊಂಡಿವೆ. ಹಿಂದೂ ಮಹಾಸಾಗರದ ಮಧ್ಯದ ಬೆಟ್ಟಸಾಲು ಬಿರಿಯುವುದು ಇದರ ಅರ್ಧಕ್ಕಿಂತ ಕಡಿಮೆ ವೇಗದಲ್ಲಿ. ಅಂಥ ನಿಧಾನದ ಸಾಲುಗಳಲ್ಲಿ ಬುಗ್ಗೆಗಳು ಬಹುಕಾಲ ಬಾಳುತ್ತವೆ, ಒಂದಕ್ಕೊಂದು ದೂರದೂರ ಇರುತ್ತವೆ. ಅದರಿಂದಲೇ ಅಲ್ಲಿ ಲೋಹದ ದಿಬ್ಬಗಳೂ ದೊಡ್ಡವು. ಅಲ್ಲಿ ಪಾದದ ತುಂಬ ಕಬ್ಬಿಣದ ಸಲ್ಫೈಡ್ ಲೇಪಿಸಿದ ಹುರುಪೆಗಳನ್ನು ಹೊತ್ತ ಬಸವನಹುಳುವೊಂದಿದೆ. 2001ರಲ್ಲಿ ಕೈರೈ ಬುಗ್ಗೆಗಳ ಬಳಿ ಕಂಡದ್ದು. 2019ರಲ್ಲಿ ಅದು ಐಯುಸಿಎನ್‌ನ ಕೆಂಪು ಪಟ್ಟಿ ಸೇರಿತು, ಆಳಸಮುದ್ರ ಗಣಿಗಾರಿಕೆಯ ಭೀತಿಯಿಂದ ಹಾಗೆ ಸೇರಿದ ಮೊದಲ ಜೀವಿಯಾಗಿ.

ಹಿಂದೂ ಮಹಾಸಾಗರದ ಸಲ್ಫೈಡ್ ಅದಿರುಗಳನ್ನು ಹುಡುಕಲು ಭಾರತ 2016ರಲ್ಲಿ ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರದೊಂದಿಗೆ 15 ವರ್ಷದ ಒಪ್ಪಂದ ಮಾಡಿಕೊಂಡಿದೆ, 10,000 ಚದರ ಕಿಲೋಮೀಟರ್‌ಗೆ. 2024ರ ಡಿಸೆಂಬರ್‌ನಲ್ಲಿ ನಮ್ಮ ವಿಜ್ಞಾನಿಗಳು ಅಲ್ಲಿ 4,500 ಮೀಟರ್ ಆಳದ ಜೀವಂತ ಬುಗ್ಗೆಯೊಂದರ ಚಿತ್ರ ತೆಗೆದರು. ಚಿತ್ರ ನೋಡಿ ಬಹಳ ಸಂತೋಷಪಟ್ಟೆ. ಈಗ ಅಲ್ಲಿ ಗುರುತು ನೆಡಬೇಕು, ಸಂಖ್ಯೆ ಹಾಕಿ. ಮುಂದಿನ ವರ್ಷ ಅದೇ ಗುರುತುಗಳ ಬಳಿ ಯಾವ ಹುಳು ಎಷ್ಟಿದೆ, ನೀರಿನ ಬಿಸಿ ಎಷ್ಟಿದೆ, ಹೊಸ ಮರಿಗಳು ಕೂತಿವೆಯೇ, ಕೂತಿದ್ದರೆ ಯಾವ ಬುಗ್ಗೆಯಿಂದ ಬಂದವು ಎಂದು ಬರೆದಿಡಬೇಕು. ಅದರ ಮುಂದಿನ ವರ್ಷವೂ. ಅದಿರಿನ ತೂಕದ ಲೆಕ್ಕ ಅದಾದ ಮೇಲೆ ಆಗಲಿ.