ಹಾರ್ಮೋನು ಅಂದರೆ ಏನು?



ನಮ್ಮ ರಕ್ತದಲ್ಲಿ ಓಡಾಡುವ ಅಂಚೆಯವನೇ ಹಾರ್ಮೋನು. ಮಿದುಳಿನ ಕೆಳಗೆ ಬಟಾಣಿ ಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿ ಕಾಗದ ಕಳಿಸಿದರೆ ಹುಡುಗಿಯರ ಅಂಡಾಶಯ ಈಸ್ಟ್ರೋಜನ್ ಎಂಬ ಹಾರ್ಮೋನು ತಯಾರಿಸುತ್ತದೆ. ಆಮೇಲೆ ಮುಟ್ಟು ಶುರುವಾಗುತ್ತದೆ. ಮೊದಲ ಒಂದೆರಡು ವರ್ಷ ದಿನ ಹಿಂದೆಮುಂದೆ ಆಗ್ತದೆ, ಹೆದರಬೇಕಿಲ್ಲ. ಕೆಲವರಿಗೆ ಮುಟ್ಟಿನ ಮುಂಚೆ ಸುಮ್ಮಸುಮ್ಮನೆ ಅಳು, ಸಿಟ್ಟು ಬರ್ತದೆ. (ಹುಡುಗರು ನಗಬೇಡಿ. ನಿಮ್ಮ ದನಿ ಒಡೆಯುವುದೂ ಹಾರ್ಮೋನಿನಿಂದಲೇ!)

ಹೆರಿಗೆ ಆದ ಕೂಡಲೇ ಈ ಹಾರ್ಮೋನು ಒಮ್ಮೆಲೇ ಇಳಿಯುತ್ತದೆ. ನಮ್ಮ ಚಿಕ್ಕಮ್ಮ ಬಾಣಂತಿ ಆಗಿದ್ದಾಗ ಮಗೂನ ಎತ್ಕೊಂಡು ಅಳ್ತಿದ್ರು. ದೃಷ್ಟಿ ಆಗಿದೆ ಅಂತ ಮನೇಲಿ ಉಪ್ಪು ಮೆಣಸು ನಿವಾಳಿಸಿದರು. ಆಶಾ ಅಕ್ಕ ಬಂದು, "ಎರಡು ವಾರದೊಳಗೆ ಕಡಿಮೆ ಆದರೆ ಸರಿ. ಇಲ್ಲದಿದ್ದರೆ ಅದು ಕಾಯಿಲೆ, ಡಾಕ್ಟರಿಗೆ ತೋರಿಸಲೇಬೇಕು" ಅಂದರು. ಮೂರನೇ ವಾರವೂ ಅಳು ನಿಲ್ಲಲಿಲ್ಲ. ಸಾಗರಕ್ಕೆ ಕರ್ಕೊಂಡು ಹೋದರು. ಔಷಧಿ ತಗೊಂಡರು, ಈಗ ಮಗೂನ ಆಡಿಸ್ತಾ ನಗ್ತಾರೆ.

ಹೆಚ್ಚಿನವರಿಗೆ 45ರಿಂದ 55 ವರ್ಷದೊಳಗೆ ಮುಟ್ಟು ನಿಲ್ಲುತ್ತದೆ. ಆಗ ಈಸ್ಟ್ರೋಜನ್ ಕಡಿಮೆಯಾಗಿ, ನಮ್ಮ ತಾಳಗುಪ್ಪದ ಮಳೆಗಾಲದ ಚಳೀಲೂ ಮೈ ಬಿಸಿಯೇರಿ ಬೆವರು ಬರ್ತದೆ, ನಿದ್ದೆ ಹತ್ತುವುದಿಲ್ಲ, ಮೂಳೆಯೂ ಸವೆಯುತ್ತದೆ. ನಿಂತು ಒಂದು ವರ್ಷದ ಮೇಲೆ ಮತ್ತೆ ರಕ್ತ ಕಂಡರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.