ಮುಟ್ಟಿನ ದಿನಗಳಲ್ಲಿ ಮುನಿಯುವ ಕರುಳು

ಮನೆಯ ಹೆಣ್ಣುಮಕ್ಕಳು ಯಾರಿಗೂ ಹೇಳದೆ ನುಂಗಿಕೊಳ್ಳುವ ನೋವುಗಳಲ್ಲಿ ಹೊಟ್ಟೆಯ ನೋವೂ ಒಂದು. ಮುಟ್ಟು ಬಂದಾಗ ಹೊಟ್ಟೆ ಉಬ್ಬರಿಸಿ, ಮೇಲಿಂದ ಮೇಲೆ ಶೌಚಕ್ಕೆ ಹೋಗಬೇಕಾಗಿ ಬಂದರೂ 'ಹೆಂಗಸರಿಗೆ ಇದ್ದದ್ದೇ' ಎಂದು ನಾವು ಸುಮ್ಮನಾಗಿಬಿಡುತ್ತೇವೆ. ಇದರ ಹಿಂದೆ ಕರುಳಿನ ತೊಂದರೆಯೊಂದು ಇರಬಹುದೆಂಬುದನ್ನು ನಾವು ಅರಿಯಬೇಕಾಗಿದೆ.

ವೈದ್ಯರು ಇದನ್ನು ಇರಿಟಬಲ್ ಬವೆಲ್ ಸಿಂಡ್ರೋಮ್ ಎನ್ನುತ್ತಾರೆ. ಕರುಳಿನಲ್ಲಿ ಹುಣ್ಣಾಗಲಿ ಗಡ್ಡೆಯಾಗಲಿ ಇರುವುದಿಲ್ಲ. ಆದರೂ ನೋವು ನಿಜವಾದದ್ದೇ. 2016ರಲ್ಲಿ ಪ್ರಕಟವಾದ ರೋಮ್ ಮಾನದಂಡದ ಪ್ರಕಾರ, ಕಳೆದ 3 ತಿಂಗಳಲ್ಲಿ ಸರಾಸರಿ ವಾರಕ್ಕೆ 1 ದಿನವಾದರೂ ಹೊಟ್ಟೆನೋವಿದ್ದು, ಅದರೊಡನೆ ಮಲವಿಸರ್ಜನೆಯ ಕ್ರಮದಲ್ಲಿ ವ್ಯತ್ಯಾಸಗಳು ಕಂಡುಬಂದರೆ ಈ ತೊಂದರೆಯನ್ನು ಶಂಕಿಸಬಹುದು. ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಹೆಚ್ಚು.

ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಸಂಶೋಧಕರು ಈ ತೊಂದರೆಯುಳ್ಳ 29 ಮಹಿಳೆಯರನ್ನು ಋತುಚಕ್ರದ ನಾಲ್ಕು ಹಂತಗಳಲ್ಲಿ ಪರೀಕ್ಷಿಸಿ, 2002ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಗುದನಾಳದೊಳಗೆ ಸಣ್ಣ ಬಲೂನನ್ನಿಟ್ಟು ಉಬ್ಬಿಸಿ, ಅದು ಯಾವ ಪ್ರಮಾಣದಲ್ಲಿ ಅರಿವಿಗೆ ಬರುತ್ತದೆಂದು ಅಳೆಯುವುದು ಅವರ ವಿಧಾನ. ಮುಟ್ಟಿನ ದಿನಗಳಲ್ಲಿ ಈ ಮಹಿಳೆಯರ ಸಂವೇದನೆ ಉಳಿದೆಲ್ಲ ಹಂತಗಳಿಗಿಂತ ತೀಕ್ಷ್ಣವಾಗಿತ್ತು. ನೋವೂ ಉಬ್ಬರವೂ ಹೆಚ್ಚಿದ್ದವು. ಆದರೆ ಗುದನಾಳದ ಗೋಡೆಯ ಬಿಗುವಿನಲ್ಲಾಗಲಿ ಚಲನೆಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಅಂದರೆ ಬದಲಾದದ್ದು ಕರುಳಲ್ಲ, ಅದರ ನೋವನ್ನು ಅರಿಯುವ ಬಗೆ. ಈ ತೊಂದರೆಯಿಲ್ಲದ ಆರೋಗ್ಯವಂತ ಮಹಿಳೆಯರಲ್ಲಿ ಇಂಥ ಬದಲಾವಣೆ ಕಂಡುಬಂದಿರಲಿಲ್ಲ.

ಮುಟ್ಟಿಗೆ ಮುಂಚೆ ಈಸ್ಟ್ರೋಜೆನ್, ಪ್ರೊಜೆಸ್ಟರಾನ್ ಎಂಬ ಹಾರ್ಮೋನುಗಳು ಒಮ್ಮೆಲೆ ಇಳಿಯುತ್ತವೆ. ನೋವಿನ ಅರಿವಿನ ಮೇಲೆ ಇವುಗಳ ಪ್ರಭಾವವುಂಟು. ಗರ್ಭಕೋಶದ ಒಳಪದರದಲ್ಲಿ ಹುಟ್ಟುವ ಪ್ರೊಸ್ಟಗ್ಲಾಂಡಿನ್ ಗರ್ಭಕೋಶವನ್ನು ಹಿಂಡುವಂತೆ ಕರುಳಿನ ಸ್ನಾಯುಗಳನ್ನೂ ಕೆರಳಿಸಬಲ್ಲದು. ಮುಟ್ಟಿನಲ್ಲಿ ಮಲ ಸಡಿಲವಾಗಲು ಇದೊಂದು ಕಾರಣ.

ಹಾಗಾದರೆ ಮಾಡಬೇಕಾದುದೇನು? ಎರಡು ಮೂರು ತಿಂಗಳ ಕಾಲ ಮುಟ್ಟಿನ ದಿನ, ಹೊಟ್ಟೆನೋವು, ಶೌಚ, ಆಹಾರ ಇವಿಷ್ಟನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುವುದು ಮೊದಲ ಹೆಜ್ಜೆ. ವೈದ್ಯರಿಗೆ ಅದು ಬಹಳ ಉಪಯುಕ್ತ. ಆ ದಿನಗಳಲ್ಲಿ ಹೊತ್ತಿಗೆ ಸರಿಯಾಗಿ ಮಿತವಾಗಿ ಉಣ್ಣುವುದು, ಖಾರ, ಕಾಫಿ, ಚಹಾ ತಗ್ಗಿಸುವುದು ಹಿತ. ಈರುಳ್ಳಿ, ಬೆಳ್ಳುಳ್ಳಿ, ಕಡಲೆ ಕೆಲವರಿಗೆ ಉಬ್ಬರ ತರುತ್ತವೆ. ಒಗ್ಗದಿದ್ದರೆ ಕಡಿಮೆ ಮಾಡಬಹುದು. ಇಸಬಗೋಲು ಅನೇಕರಿಗೆ ಅನುಕೂಲ. ನೋವಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನುಂಗಬಾರದು.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಜ್ವರ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ, 50 ದಾಟಿದ ಮೇಲೆ ಹೊಸದಾಗಿ ತೊಡಗಿದ ತೊಂದರೆ, ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ತೋರಿಸಬೇಕು. ಮುಟ್ಟಿನಲ್ಲಿ ಮಲವಿಸರ್ಜಿಸುವಾಗ ತೀವ್ರ ನೋವಾದರೆ ಎಂಡೊಮೆಟ್ರಿಯೋಸಿಸ್ ಇರಬಹುದು; ಅದಕ್ಕೆ ಸ್ತ್ರೀರೋಗ ತಜ್ಞರ ಪರೀಕ್ಷೆ ಅಗತ್ಯ.

ರಜಸ್ಸೂತಕವನ್ನು ಶರಣರು 12ನೆಯ ಶತಮಾನದಲ್ಲಿಯೇ ನಿರಾಕರಿಸಿದರು. ಅವರನ್ನು ನೆನೆಯುವ ನಮ್ಮ ಮನೆಗಳಲ್ಲಿ ಮುಟ್ಟಿನ ಮಾತನ್ನು ಮುಚ್ಚಿಡುವುದು ತರವಲ್ಲ. ತಾಯಿ ಮಗಳನ್ನು, ಅತ್ತೆ ಸೊಸೆಯನ್ನು 'ಹೊಟ್ಟೆ ಹೇಗಿದೆಯಮ್ಮಾ?' ಎಂದು ಕೇಳುವಂತಾಗಲಿ. ಗಂಡಸರೂ ಆ ಮಾತಿಗೆ ಕಿವಿಗೊಡಲಿ.